ಎರಡನೆಯ ಮೊಲ

ಕಳೆದ ಮಳೆಗಾಲದಲ್ಲಿ ಮೇಡಂ ತೀರಿಕೊಂಡಾಗ ನಮ್ಮ ಸಂಸ್ಥೆಯಲ್ಲಿ ನುಡಿನಮನ ಇಟ್ಟಿದ್ದರು. ನಿರ್ದೇಶಕರು ಮೈಕ್ ಹಿಡಿದು, "ಕ್ಯಾನ್ಸರ್ ವಿರುದ್ಧ ಕೊನೆಯ ಉಸಿರಿನವರೆಗೆ ಹೋರಾಡಿದ ಮಹಿಳೆ" ಎಂದರು. ಸಭೆಯಲ್ಲಿದ್ದ ಅರ್ಧ ಜನ ಪಕ್ಕದವರ ಕಡೆ ಬಾಗಿ, "ಪಾಪ, ಯಾವ ಕ್ಯಾನ್ಸರ್ ಅಂತೆ?" ಎಂದು ವಿಚಾರಿಸಿದರು. ಮೇಡಂಗೆ ಯಾವ ಕ್ಯಾನ್ಸರೂ ಇರಲಿಲ್ಲ. ಕಾಪುವಿನ ಮನೆಯಲ್ಲಿ ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಊಟ ಮುಗಿಸಿ, ಪೇಪರ್ ಹಿಡಿದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು.

ಇನ್ನೊಬ್ಬ ಭಾಷಣಕಾರರು ಅವರನ್ನು ಕ್ಯಾನ್ಸರಿಗೆ ಮದ್ದು ಕಂಡುಹಿಡಿದವರೆಂದರು. ಮತ್ತೊಬ್ಬರು ಸರಳತೆಯ ಸಾಕಾರಮೂರ್ತಿ ಎಂದರು. ಬದುಕಿದ್ದರೆ ಮೇಡಂ ಮೊದಲನೆಯದಕ್ಕೆ ನಗುತ್ತಿದ್ದರು, ಎರಡನೆಯದಕ್ಕೆ ಬೈಯುತ್ತಿದ್ದರು. ನನಗೆ ಕೊಟ್ಟದ್ದು ಧನ್ಯವಾದ ಸಮರ್ಪಣೆಯ ಕೆಲಸ. ನುಡಿನಮನದಲ್ಲಿ ಯಾರಿಗೆ ಧನ್ಯವಾದ ಹೇಳುವುದು, ತೀರಿಕೊಂಡವರಿಗೋ? ಅಲ್ಲಿ ಬಾಯಿಗೆ ಬಂದದ್ದು ಏನೋ ಹೇಳಿ ಇಳಿದೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಣಿಪಾಲದ ಗುಡ್ಡದ ಇಳಿಜಾರಿನಲ್ಲಿ ನಮ್ಮದೊಂದು ಸಣ್ಣ ಸಂಶೋಧನಾ ಸಂಸ್ಥೆ. ಹೊರಗಿನ ಬೋರ್ಡು ಸಂಸ್ಥೆಗಿಂತ ದೊಡ್ಡದು. ಮೇಡಂ ಅಲ್ಲಿ ಜೀವಕೋಶ ವಿಭಾಗದ ಮುಖ್ಯಸ್ಥೆ. ಕಲ್ಯಾಣಪುರದಿಂದ ಬೈಕಿನಲ್ಲಿ ಹೋಗಿ ಬರುವ ನಾನು ಅವರ ಕೈಕೆಳಗಿನ ಸಹಾಯಕ ಪ್ರಾಧ್ಯಾಪಕ. ಅವರ ಹುಟ್ಟೂರು ಕಾರ್ಕಳದಿಂದಾಚೆ ಬಜಗೋಳಿ. ಮದುವೆಯಾಗಿರಲಿಲ್ಲ. ಕಾಪುವಿನಲ್ಲಿ ಮನೆ ಮಾಡಿಕೊಂಡು, ದಿನಾ ಬಸ್ಸಿನಲ್ಲಿ ಉಡುಪಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಗುಡ್ಡ ಹತ್ತುತ್ತಿದ್ದರು. ಕಾರು ತೆಗೆದುಕೊಳ್ಳಿ ಎಂದರೆ, "ಬಸ್ಸಿನಲ್ಲಿ ಜನ ಬೈಯುವುದು ಕೇಳ್ತದೆ ಮಾರಾಯ, ಕಾರಿನಲ್ಲಿ ಎಂತ ಕೇಳ್ತದೆ?" ಎನ್ನುತ್ತಿದ್ದರು.

ಅವರು ಜೀವಮಾನವಿಡೀ ಬೆನ್ನು ಹತ್ತಿದ್ದು ಒಂದೇ ಒಂದು ಪ್ರೊಟೀನನ್ನು. ಪಿ-೫೩ ಎಂದು ಅದರ ಹೆಸರು. ನಮ್ಮೆಲ್ಲರ ಜೀವಕೋಶಗಳಲ್ಲೂ ಅದಿದೆ. ಕೋಶದೊಳಗಿನ ಡಿಎನ್‌ಎಗೆ ಪೆಟ್ಟು ಬಿದ್ದಾಗ, ಆ ಕೆಟ್ಟ ಕೋಶ ಒಂದು ಎರಡಾಗಿ ಎರಡು ನಾಲ್ಕಾಗಿ ಗಡ್ಡೆಯಾಗದಂತೆ ತಡೆದು ನಿಲ್ಲಿಸುವುದು ಅದರ ಕೆಲಸ. ವಿಚಿತ್ರವೆಂದರೆ, ಏನೂ ಗಲಾಟೆ ಇಲ್ಲದಾಗ ಕೋಶ ಈ ಪ್ರೊಟೀನನ್ನು ಒಂದು ಕಡೆ ತಯಾರಿಸುತ್ತ ಇನ್ನೊಂದು ಕಡೆ ಎಸೆಯುತ್ತಲೇ ಇರುತ್ತದೆ. ಎಸೆಯಬೇಕಾದದ್ದಕ್ಕೆ ಯುಬಿಕ್ವಿಟಿನ್ ಎಂಬ ಒಂದು ಗುರುತು ಅಂಟಿಸುತ್ತದೆ. ಪೆಟ್ಟು ಬಿದ್ದಾಗ ಮಾತ್ರ ಅದೇ ಪ್ರೊಟೀನಿಗೆ ಫಾಸ್ಫೇಟ್ ಎಂಬ ಬೇರೆ ಗುರುತು ಬೀಳುತ್ತದೆ. ಆಗ ಅದನ್ನು ಎಸೆಯಲು ಬಂದವರ ಕೈಗೆ ಅದು ಸಿಗುವುದಿಲ್ಲ, ಒಳಗೇ ಉಳಿದು ಕೆಲಸಕ್ಕೆ ಇಳಿಯುತ್ತದೆ. ಯಾವ ಜಾಗದಲ್ಲಿ, ಯಾವ ಹೊತ್ತಿಗೆ, ಯಾವ ಗುರುತು ಬೀಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಮೇಡಂ ಇದನ್ನು ಹೊಸ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದು ಹೀಗೆ: "ಮಣಿಪಾಲದಲ್ಲಿ ಕುತ್ತಿಗೆಯಲ್ಲಿ ಐಡಿ ಟ್ಯಾಗ್ ಇಲ್ಲದಿದ್ದರೆ ನಿಮ್ಮನ್ನು ಯಾವ ಗೇಟಿನವನೂ ಒಳಗೆ ಬಿಡುವುದಿಲ್ಲ. ಟ್ಯಾಗ್ ಉಂಟಾ, ನೀವು ಮನುಷ್ಯ. ಇಲ್ವಾ, ಹೊರಗೆ. ಕೋಶದೊಳಗೂ ಅಷ್ಟೇ."

ಪ್ರೊಟೀನಿಗೆ ಹೇಳಿದ್ದನ್ನು ಅವರು ಸಹೋದ್ಯೋಗಿಗಳಿಗೂ ಅನ್ವಯಿಸುತ್ತಿದ್ದರು. ವರ್ಷಗಟ್ಟಲೆ ತೂಕಡಿಸುತ್ತಿದ್ದವರೊಬ್ಬರು ಡೀನ್ ಆದ ಮರುದಿನವೇ ಕಾರಿಡಾರಿನಲ್ಲಿ ಬಿರಬಿರನೆ ಓಡಾಡತೊಡಗಿದಾಗ, "ನೋಡು, ಫಾಸ್ಫೇಟ್ ಬಿತ್ತು" ಎಂದರು. ಇನ್ನೊಬ್ಬರನ್ನು ಹಸಿರು ಕ್ಯಾಂಪಸ್ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿ ಶಾಲು ಹೊದೆಸಿದಾಗ, "ಪಾಪ, ಯುಬಿಕ್ವಿಟಿನ್ ಅಂಟಿಸಿದರು, ಇನ್ನು ಹೆಚ್ಚು ದಿನ ಇಲ್ಲ" ಎಂದರು. ಅವರು ನಿಜಕ್ಕೂ ಆ ವರ್ಷವೇ ರಾಜೀನಾಮೆ ಕೊಟ್ಟರು. ನಮ್ಮ ನಿರ್ದೇಶಕರ ಬಗ್ಗೆ ಕೇಳಿದರೆ, "ಅವರಿಗೆ ಮೇಲಿಂದ ಕೆಳಗಿನವರೆಗೂ ಟ್ಯಾಗೇ. ಒಳಗೆ ಪ್ರೊಟೀನ್ ಉಂಟಾ ಅಂತ ಯಾರೂ ನೋಡಿದವರಿಲ್ಲ" ಎನ್ನುತ್ತಿದ್ದರು. ಇದನ್ನು ಮೆಲ್ಲಗೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಊರಿನ ಕಣ್ಣಿಗೆ ಮಾತ್ರ ಅವರು ಕ್ಯಾನ್ಸರ್ ಡಾಕ್ಟರು. ಹೆಸರಿನ ಮುಂದೆ 'ಡಾ.' ಇರುವವರೆಲ್ಲ ನಾಡಿ ನೋಡುತ್ತಾರೆಂದು ತಿಳಿದ ಜನ ನಾವು. ಉಡುಪಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಎಕ್ಸ್‌ರೇ ಬಿಚ್ಚಿ ಅವರ ಮುಖದೆದುರು ಹಿಡಿಯದ ವಾರವಿರಲಿಲ್ಲ. "ನಾನು ಆ ಡಾಕ್ಟರ್ ಅಲ್ಲಮ್ಮ" ಎಂದು ಮೊದಲು ಬೈಯುತ್ತಿದ್ದರು. ಆಮೇಲೆ ತಾವೇ ಅವರ ಜೊತೆ ಆಸ್ಪತ್ರೆಗೆ ನಡೆದು, ಸರತಿಯಲ್ಲಿ ನಿಂತು, ನಿಜವಾದ ಡಾಕ್ಟರ ಕೋಣೆಯವರೆಗೆ ಬಿಟ್ಟು, ಲ್ಯಾಬಿಗೆ ತಡವಾಗಿ ಬಂದು ನಮಗೆ ಬೈಯುತ್ತಿದ್ದರು. ಒಮ್ಮೆ ಶಿರ್ವದ ಒಂದು ಮದುವೆ ಮನೆಯಲ್ಲಿ ಗಲ್ಫಿನಿಂದ ಬಂದಿದ್ದ ಗೃಹಸ್ಥರೊಬ್ಬರು ಕೇಳಿದರು: "ಮೇಡಂ, ನೀವು ಪ್ರೊಟೀನಿನವರು ಅಲ್ವಾ? ಮಗ ಜಿಮ್ಮಿಗೆ ಹೋಗ್ತಾನೆ. ಯಾವ ಪೌಡರ್ ಒಳ್ಳೇದು?" ಮೇಡಂ ಎಲೆಯಿಂದ ತಲೆ ಎತ್ತದೆ, "ಹುರುಳಿ" ಎಂದರು.

ಲ್ಯಾಬಿನಲ್ಲಿ ಅವರ ಮೊದಲ ನಿಯಮ ಮಂಜುಗಡ್ಡೆ. ಕೋಶವನ್ನು ಒಡೆದ ಕೂಡಲೇ ಗುರುತುಗಳು ಉದುರತೊಡಗುತ್ತವೆ. ಹಾಗಾಗಿ ಎಲ್ಲ ಮಂಜುಗಡ್ಡೆಯ ಮೇಲೆಯೇ ಆಗಬೇಕು. ನಮ್ಮ ಐಸ್ ಮಿಷನ್ ಕೆಟ್ಟು, ರಿಪೇರಿಯ ಕಡತ ಮೇಜಿನಿಂದ ಮೇಜಿಗೆ ತೆವಳುತ್ತಿದ್ದಾಗ ಅವರು ಆಟೋ ಮಾಡಿಕೊಂಡು ಮಲ್ಪೆಗೆ ಹೋಗಿ, ಮೀನಿಗೆ ಹಾಕುವ ಮಂಜುಗಡ್ಡೆಯನ್ನು ಗೋಣಿಯಲ್ಲಿ ತುಂಬಿಸಿ ತಂದರು. ಅದೇ ದಿನ ನಿರ್ದೇಶಕರು ವಿದೇಶಿ ಅತಿಥಿಗಳನ್ನು ಲ್ಯಾಬ್ ತೋರಿಸಲು ಕರೆತಂದಿದ್ದರು. ಬಾಗಿಲು ತೆರೆದ ಕೂಡಲೇ ಬೂತಾಯಿ ಮೀನಿನ ವಾಸನೆ ಗಪ್ಪನೆ ಹೊಡೆಯಿತು. ಅತಿಥಿಗಳು ಮೂಗು ಮುಚ್ಚಿಕೊಂಡು, ಸಮುದ್ರ ಜೀವಿಗಳ ಮೇಲೂ ಕೆಲಸ ನಡೆಯುತ್ತದೆಯೇ ಎಂದು ಕೇಳಿದರು. ನಿರ್ದೇಶಕರು ಹಿಂದೆಮುಂದೆ ನೋಡದೆ ಹೌದೆಂದರು. ಮುಂದಿನ ವಾರ್ಷಿಕ ವರದಿಯಲ್ಲಿ ಸಮುದ್ರ ಜೀವವಿಜ್ಞಾನ ನಮ್ಮ ಆದ್ಯತೆಯ ಕ್ಷೇತ್ರಗಳಲ್ಲಿ ಒಂದಾಗಿತ್ತು.

ಈಗ ಮೊಲದ ಮಾತು. ಒಂದು ಪ್ರೊಟೀನಿಗೆ ಗುರುತು ಬಿದ್ದಿದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕಿಕೊಡಲು ಆಂಟಿಬಾಡಿ ಬೇಕು. ಗುರುತಿರುವ ಪ್ರೊಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಆಂಟಿಬಾಡಿ ತಯಾರಾಗುತ್ತದೆ. ಕೋಶದ ಪ್ರೊಟೀನುಗಳನ್ನು ಒಂದು ಹಾಳೆಯ ಮೇಲೆ ಹರಡಿ ಆ ಆಂಟಿಬಾಡಿಯನ್ನು ಸುರಿದರೆ, ಅದು ಗುರುತಿರುವ ಪ್ರೊಟೀನಿಗೆ ಮಾತ್ರ ಅಂಟಿಕೊಳ್ಳಬೇಕು. ಆಗ ಫಿಲ್ಮಿನಲ್ಲಿ ಒಂದು ಕಪ್ಪು ಗೆರೆ ಮೂಡುತ್ತದೆ. ಮೇಡಂ ವಯಸ್ಸಿನಲ್ಲಿದ್ದಾಗ ಇಂಥ ಆಂಟಿಬಾಡಿ ಹೊರಗಿನಿಂದ ತರಿಸುವುದು ಕಷ್ಟವೆಂದು ತಾವೇ ಮೊಲ ಸಾಕಿ ತಯಾರಿಸಿದ್ದರು. ಅದು ದೇಶದಲ್ಲೆಲ್ಲ ಹೆಸರು ಮಾಡಿತು. ಡೀಪ್ ಫ್ರೀಜರಿನ ಒಂದು ಡಬ್ಬಿಯಲ್ಲಿ ಅದರ ಸಣ್ಣ ಸಣ್ಣ ಬಾಟಲಿಗಳಿದ್ದವು. ಆಯುಧಪೂಜೆಯ ದಿನ ನಾವು ಸೆಂಟ್ರಿಫ್ಯೂಜ್ ಯಂತ್ರಕ್ಕೆ ಸೇವಂತಿಗೆ ಮಾಲೆ ಹಾಕುತ್ತಿದ್ದೆವು, ಫ್ರೀಜರ್ ತೆರೆದು ಆ ಡಬ್ಬಿಗೂ ಕುಂಕುಮ ಹಚ್ಚುತ್ತಿದ್ದೆವು. ಮೇಡಂಗೆ ದೇವರಲ್ಲಿ ಅಂಥ ನಂಬಿಕೆ ಇರಲಿಲ್ಲ. ಆದರೂ ಆ ಡಬ್ಬಿಗೆ ಹೂವಿಡುವಾಗ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಎಲ್ಲವನ್ನೂ ಪರೀಕ್ಷಿಸಿ ನೋಡಿಯೇ ಬಳಸಬೇಕು, ಆ ಡಬ್ಬಿಯನ್ನು ಬಿಟ್ಟು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕುಂಕುಮ ಹಚ್ಚಿದ್ದನ್ನು ಪರೀಕ್ಷೆ ಮಾಡುವುದು ಹೇಗೆ?

ಮೇಡಂ ಕೈಯಲ್ಲಿ ಕೊನೆಯದಾಗಿ ಪಿಎಚ್‌ಡಿ ಮಾಡುತ್ತಿದ್ದವಳು ರೇಣುಕಾ. ಗಜೇಂದ್ರಗಡದ ಕಡೆಯಿಂದ ಮಣಿಪಾಲಕ್ಕೆ ದುಡಿಯಲು ಬಂದ ಕುಟುಂಬ. ತಂದೆಗೆ ಗಾರೆ ಕೆಲಸ, ತಾಯಿ ಜೋಳದ ರೊಟ್ಟಿ ಬಡಿದು ಹಾಸ್ಟೆಲುಗಳಿಗೆ ಕೊಡುತ್ತಿದ್ದರು. ನಮ್ಮ ಕಟ್ಟಡದ ಎರಡನೆಯ ಮಹಡಿಗೆ ಅವಳ ತಂದೆಯೇ ಗಿಲಾವು ಮಾಡಿದ್ದು. ಮಗಳು ಅದೇ ಮಹಡಿಯಲ್ಲಿ ಬಿಳಿ ಕೋಟು ಹಾಕಿ ಓಡಾಡುವಾಗ ಅವರು ಒಮ್ಮೆ ಬಂದು, ಬಾಗಿಲಾಚೆಯೇ ನಿಂತು, ಗೋಡೆಯನ್ನೂ ಮಗಳನ್ನೂ ನೋಡಿ ಹೋಗಿದ್ದರು. ರೇಣುಕಾಳ ಕೆಲಸ ಮುಗಿದಿತ್ತು. ಪಿ-೫೩ಕ್ಕೆ ಒಂದು ನಿರ್ದಿಷ್ಟ ಜಾಗದಲ್ಲಿ ಗುರುತು ಬಿದ್ದ ಮರುಗಳಿಗೆಯೇ ಕೋಶ ನಿಂತುಬಿಡುತ್ತದೆ ಎಂದು ತೋರಿಸುವ ಪ್ರಬಂಧ ಪ್ರಕಟವೂ ಆಗಿತ್ತು. ಮೇಡಂ ನಿವೃತ್ತಿಗೆ ಕೆಲವೇ ತಿಂಗಳಿದ್ದವು. ಅಷ್ಟರೊಳಗೆ ಥೀಸಿಸ್ ಒಪ್ಪಿಸಿದರೆ ಪದವಿ. ನೋಂದಣಿಯ ಅವಧಿ ಆಮೇಲೆ ಸ್ವಲ್ಪವೇ ಉಳಿಯುತ್ತಿತ್ತು, ಫೆಲೋಶಿಪ್ ಆಗಲೇ ನಿಂತಿತ್ತು. ತಪ್ಪಿದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋದಂತೆ.

ಆಗಲೇ ಮೇಡಂ ನಾಗನ ತಂಬಿಲ ಸೇವೆಗೆಂದು ಬಜಗೋಳಿಗೆ ಹೋದರು. ಅವರಿಲ್ಲದಾಗ ರೇಣುಕಾ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಮುಖದಲ್ಲಿ ರಕ್ತವಿರಲಿಲ್ಲ.

"ಸರ್ರ, ಗೆರಿ ಹೋಗವಲ್ದರೀ."

"ಯಾವ ಗೆರೆ?"

ಫಾಸ್ಫೇಟ್ ಗುರುತನ್ನು ಕಿತ್ತುಹಾಕುವ ಒಂದು ಕಿಣ್ವವಿದೆ. ಅದನ್ನು ಹಾಕಿ ಗುರುತುಗಳನ್ನೆಲ್ಲ ಬೋಳಿಸಿದ ಮೇಲೆ ಮೇಡಂ ಆಂಟಿಬಾಡಿ ಸುರಿದರೆ ಗೆರೆ ಮಾಯವಾಗಬೇಕು. ಹುಡುಕುವ ಗುರುತೇ ಇಲ್ಲವಲ್ಲ! ಅವಳು ಅದನ್ನು ಮಾಡಿದ್ದಳು. ಗೆರೆ ಜಗ್ಗಲಿಲ್ಲ, ಕರ್ರಗೆ ಕೂತಿತ್ತು.

"ನಾ ಎಲ್ಲೋ ತಪ್ಪೀನಿ ಅಂತ ತಿರುಗಿ ತಿರುಗಿ ಮಾಡೀನ್ರೀ. ಕಿಣ್ವ ಛಲೋ ಐತಿ. ಆಂಟಿಬಾಡಿನ ಸರಿ ಇಲ್ಲರಿ."

ನಾನು ಎದ್ದು ಬಾಗಿಲು ಹಾಕಿದೆ. ಅವಳು ಹೇಳುತ್ತಿದ್ದುದರ ಅರ್ಥ, ಆಂಟಿಬಾಡಿ ಎಂಬ ನಮ್ಮ ಗೇಟಿನವನು ಟ್ಯಾಗ್ ನೋಡುತ್ತಲೇ ಇರಲಿಲ್ಲ, ಮುಖ ನೋಡಿ ಎಲ್ಲರಿಗೂ ಸಲಾಮು ಹೊಡೆಯುತ್ತಿದ್ದ ಎಂದು. ಪೆಟ್ಟು ಬಿದ್ದಾಗ ಕೋಶದಲ್ಲಿ ಪ್ರೊಟೀನು ಹೇಗೂ ಹೆಚ್ಚಾಗುತ್ತದೆ, ಗೆರೆಯೂ ದಪ್ಪವಾಗುತ್ತದೆ. ಅದನ್ನು ನೋಡಿ ಗುರುತು ಬಿತ್ತೆಂದು ನಾವು ವರ್ಷಗಟ್ಟಲೆ ಬರೆದಿದ್ದೆವು. ಮೇಡಂಗೆ ನೀನೇ ಹೇಳು ಎಂದೆ. ಹುಲಿಯ ಬಾಯಿಗೆ ನಾನೇಕೆ ಹೋಗಲಿ?

ಅವಳು ಹೇಳಿದಳು. ಮೇಡಂ ಸ್ವರ ಕಾರಿಡಾರಿನ ತುದಿಗೆ ಕೇಳುತ್ತಿತ್ತು. "ನನ್ನ ಮೊಲವನ್ನು ಪರೀಕ್ಷೆ ಮಾಡಲಿಕ್ಕೆ ನಿನಗೆ ಹೇಳಿದ್ದು ಯಾರು? ನೀನು ಹುಟ್ಟುವ ಮೊದಲು ಮಾಡಿದ ಆಂಟಿಬಾಡಿ ಅದು! ಕೈ ಸರಿ ಇಲ್ಲದವರಿಗೆ ಗೆರೆಯೂ ಸರಿ ಬರುವುದಿಲ್ಲ." ಆ ವಾರವಿಡೀ ಅವಳ ಹತ್ತಿರ ಮಾತಾಡಲಿಲ್ಲ. ಎದುರು ಸಿಕ್ಕರೆ ಕಿಟಕಿಯಾಚೆ ನೋಡುತ್ತಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಆ ಒಂದು ವಾರ ಮೇಡಂ ಬಹಳ ಕೆಟ್ಟ ಮನುಷ್ಯರಾಗಿದ್ದರು.

ಮುಂದಿನ ಸೋಮವಾರ ಬೆಳಿಗ್ಗೆ ತಮ್ಮ ಹಳೆಯ ಬಿಳಿ ಕೋಟು ಹಾಕಿಕೊಂಡು ಬಂದರು. ಗುಂಡಿ ಹಾಕಲು ಆಗುತ್ತಿರಲಿಲ್ಲ, ಅಷ್ಟು ಹಿಂದಿನ ಕೋಟು. ಯಾರನ್ನೂ ಮುಟ್ಟಗೊಡದೆ ಇಡೀ ಪ್ರಯೋಗವನ್ನು ತಾವೇ ಮಾಡಿದರು. ಕಂಪ್ಯೂಟರಿನಲ್ಲಿ ಚಿತ್ರ ತೆಗೆಯುವ ಯಂತ್ರವಿದ್ದರೂ ಅವರಿಗೆ ನಂಬಿಕೆ ಫಿಲ್ಮಿನ ಮೇಲೆಯೇ. ಡಾರ್ಕ್ ರೂಮಿನ ಹೊರಗೆ ನಾನು, ರೇಣುಕಾ ನಿಂತಿದ್ದೆವು. ಒಳಗೆ ನೀರು ಸುರಿಯುವ ಸದ್ದು ನಿಂತಿತು. ಆಮೇಲೆ ಅವರ ಸ್ವರ ಕೇಳಿತು.

"ಉಂಟು."

ಇಲ್ಲದೆ ಹೋಗಲಿ ಎಂದು ಅವರು ಹಾರೈಸಿದ್ದ ಗೆರೆ ಅದು. ಹೊರಗೆ ಬಂದು, ಫಿಲ್ಮನ್ನು ರೇಣುಕಾಳ ಕೈಗೆ ಕೊಟ್ಟು, "ನಿನ್ನ ಕೈ ಸರಿ ಉಂಟು" ಎಂದರು. ಕ್ಯಾಂಟೀನಿಗೆ ಹೋಗಿ ಗೋಳಿಬಜೆ ತರಿಸಿ ಒಂದನ್ನೂ ಮುಟ್ಟಲಿಲ್ಲ. ನನಗೆ ಅವರ ಮುಖ ನೋಡಲು ಆಗಲಿಲ್ಲ.

"ಮೊದಲನೇ ಮೊಲದ್ದು ಸರಿ ಇತ್ತು ಮಾರಾಯ," ಎಂದರು ಕೊನೆಗೆ. "ಅದನ್ನು ಎಲ್ಲ ಪರೀಕ್ಷೆ ಮಾಡಿದ್ದೆ. ಅದು ಮುಗಿದ ಮೇಲೆ ಎರಡನೇ ಮೊಲ ತಂದದ್ದು. ಅದರ ರಕ್ತದಿಂದ ಟ್ಯಾಗ್ ನೋಡುವುದನ್ನು ಮಾತ್ರ ಸೋಸಿ ತೆಗೆದು, ಮುಖ ನೋಡುವುದನ್ನು ಬಿಸಾಡಬೇಕಿತ್ತು. ಸೋಸಲಿಲ್ಲ. ಪರೀಕ್ಷೆಯೂ ಮಾಡಲಿಲ್ಲ. ನನ್ನದೇ ಮೊಲ ಅಲ್ವಾ ಅಂತ."

ದೇವಸ್ಥಾನದ ಮೊಕ್ತೇಸರಿಕೆ ಅಪ್ಪನಿಂದ ಮಗನಿಗೆ ಬರುವ ಹಾಗೆ, ಮೊದಲ ಮೊಲದ ಮರ್ಯಾದೆ ಎರಡನೆಯದಕ್ಕೆ ತಾನಾಗಿ ಬಂದಿತ್ತು. ಜೊತೆಗೆ ವರ್ಷಕ್ಕೊಮ್ಮೆ ಕುಂಕುಮ ಬೇರೆ.

ಇತ್ತ ನಿರ್ದೇಶಕರು ಉಡುಪಿಯಲ್ಲಿ ಪತ್ರಿಕಾಗೋಷ್ಠಿ ಗೊತ್ತುಮಾಡಿದ್ದರು. 'ಕ್ಯಾನ್ಸರ್ ತಡೆಯುವ ಸ್ವಿಚ್ ನಮ್ಮಲ್ಲಿ ಪತ್ತೆ' ಎಂದು ಫ್ಲೆಕ್ಸ್ ಕೂಡ ಪ್ರಿಂಟಾಗಿ ಬಂದಿತ್ತು. ಫ್ಲೆಕ್ಸಿನಲ್ಲಿ ನಿರ್ದೇಶಕರ ಮುಖ ದೊಡ್ಡದು, ಮೇಡಂದು ಸಣ್ಣದು, ರೇಣುಕಾಳದು ಇಲ್ಲ. ಮೇಡಂ ನಿರ್ದೇಶಕರ ಕೋಣೆಗೆ ಹೋದಾಗ ನಾನೂ ಜೊತೆಗಿದ್ದೆ.

"ಗೆರೆ ಉಂಟಾ ಇಲ್ವಾ ಮೇಡಂ?" ನಿರ್ದೇಶಕರು ಕೇಳಿದರು.

"ಉಂಟು."

"ಮತ್ತೆ ಎಂತ ಸಮಸ್ಯೆ?"

"ಇರಬಾರದಿತ್ತು."

"ಇದ್ದದ್ದನ್ನು ಇದೆ ಅಂತ ಹೇಳುವುದರಲ್ಲಿ ಎಂತ ತಪ್ಪು?" ಎಂದು ಅವರು ನಿಜವಾದ ಆಶ್ಚರ್ಯದಿಂದ ಕೇಳಿದರು. ಮೇಡಂ ಮೊದಲಿನಿಂದ ವಿವರಿಸಿದರು. ಕೇಳಿ ಮುಗಿಸಿ ನಿರ್ದೇಶಕರು ಕುರ್ಚಿಗೆ ಒರಗಿ, ಸ್ವರ ತಗ್ಗಿಸಿದರು. "ನೋಡಿ ಮೇಡಂ, ಹುಡುಗಿ ಬಡವರ ಮನೆಯವಳು. ಥೀಸಿಸ್ ಒಪ್ಪಿಸಲಿ, ಡಿಗ್ರಿ ಆಗಲಿ. ನಿಮ್ಮ ನಿವೃತ್ತಿಯೂ ಚಂದದಲ್ಲಿ ಆಗಲಿ, ಸನ್ಮಾನ ಉಂಟು. ಆಮೇಲೆ ನಿಧಾನಕ್ಕೆ ಸರಿಮಾಡಿದರಾಯ್ತು. ಈಗ ಯಾರಿಗೆ ನಷ್ಟ?"

ಮಾತಿನಲ್ಲಿ ಕರುಣೆಯಿತ್ತು, ಅದೇ ಅದರ ಅಪಾಯ. ಮೇಡಂ ಎದ್ದು ಲ್ಯಾಬಿಗೆ ಬಂದು ರೇಣುಕಾಳನ್ನು ಎದುರು ಕೂರಿಸಿಕೊಂಡರು.

"ತಪ್ಪು ನನ್ನದು, ಡಿಗ್ರಿ ನಿನ್ನದು. ಸುಮ್ಮನೆ ಒಪ್ಪಿಸಿದರೆ ಮಳೆ ಶುರುವಾಗುವ ಮೊದಲು ನೀನು ಡಾಕ್ಟರ್. ಸರಿಮಾಡುವ ಅಂತ ಹೊರಟರೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಾನು ಹೇಳುವುದಿಲ್ಲ. ಎಂತ ಮಾಡುವ, ನೀನು ಹೇಳು."

ರೇಣುಕಾ ಕೈಗವಸಿನ ಬೆರಳು ಎಳೆಯುತ್ತ ಕೂತಳು. ಅವಳ ಕಣ್ಣೆದುರು ಬಾಗಿಲಾಚೆ ನಿಂತಿದ್ದ ತಂದೆಯ ಮುಖ ಬಂದಿತ್ತೆಂದು ನಾನು ಊಹಿಸಬಲ್ಲೆ. "ಗೊತ್ತಾಗಿ ಹೋಗೇತಲ್ರೀ ಮೇಡಮ್ಮರ," ಎಂದಳು. "ಗೊತ್ತಾದ ಮ್ಯಾಲೆ ಹ್ಯಾಂಗ ಬರೀಲಿ?"

ಪತ್ರಿಕಾಗೋಷ್ಠಿ ನಡೆಯಿತು. ಮೇಡಂ ಆ ಫ್ಲೆಕ್ಸಿನ ಅಡಿಯಲ್ಲೇ ಕೂತು, ನಾವು ಹೇಳಿದ್ದು ತಪ್ಪು, ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದರು. ನಿರ್ದೇಶಕರು ನೀರು ಕುಡಿದರು. ಒಬ್ಬ ವರದಿಗಾರ ಎದ್ದು, "ಹಾಗಾದರೆ ಮದ್ದು ಯಾವಾಗ ಬರ್ತದೆ ಮೇಡಂ?" ಎಂದು ಕೇಳಿದ. ಮರುದಿನ ಒಂದು ಪತ್ರಿಕೆಯಲ್ಲಿ 'ಕ್ಯಾನ್ಸರ್ ಸಂಶೋಧನೆಗೆ ಮಹತ್ವದ ತಿರುವು' ಎಂದು ಬಂತು. ಕಾಪುವಿನ ನೆರೆಮನೆಯವರು ಮೇಡಂಗೆ ಪಾಯಸ ತಂದುಕೊಟ್ಟರು. "ಎಂತ ಹೇಳುವುದು ಅವರಿಗೆ? ಪಾಯಸ ಒಳ್ಳೇದಿತ್ತು" ಎಂದರು ಮೇಡಂ.

ಪ್ರಬಂಧ ಹಿಂದಕ್ಕೆ ಬಂದ ಮೇಲೆ ಸನ್ಮಾನದ ಮಾತು ಯಾರೂ ಎತ್ತಲಿಲ್ಲ. ನಿವೃತ್ತಿಯ ನಂತರ ಒಂದು ವರ್ಷ ಮುಂದುವರಿಸುವ ಪದ್ಧತಿಯಿತ್ತು, ಅದೂ ಸಿಗಲಿಲ್ಲ. ನಿವೃತ್ತರು ಗೈಡ್ ಆಗಿರುವಂತಿಲ್ಲವಾದ್ದರಿಂದ ರೇಣುಕಾಳ ಗೈಡ್ ಎಂದು ನನ್ನ ಹೆಸರು ಬರೆದರು. ಮೇಡಂ ತಮ್ಮ ಟ್ಯಾಗ್ ಒಪ್ಪಿಸಿ ಹೋದವರು ಮರುದಿನ ಬೆಳಿಗ್ಗೆ ಕಾಪುವಿನ ಅದೇ ಬಸ್ಸಿನಲ್ಲಿ ಬಂದಿಳಿದರು. ಅಷ್ಟು ವರ್ಷ ಸಲಾಮು ಹೊಡೆದಿದ್ದ ಗೇಟಿನವನು ಕೈ ಅಡ್ಡ ಹಿಡಿದ.

"ಟ್ಯಾಗ್ ಇಲ್ಲದೆ ಬಿಡುವ ಹಾಗಿಲ್ಲ ಮೇಡಂ. ರೂಲ್ಸ್."

ಅದೇ ಹೊತ್ತಿಗೆ ಬೈಕಿನಲ್ಲಿ ಬಂದ ನನಗೆ ಸಿಟ್ಟು ನೆತ್ತಿಗೇರಿತು. ಮೇಡಂ ಮಾತ್ರ ಅವನನ್ನು ಆಪಾದಮಸ್ತಕ ನೋಡಿ, ಖುಷಿಯಲ್ಲಿ ನನ್ನ ತೋಳು ಹಿಡಿದು, "ನೋಡಿದೆಯಾ! ನಮ್ಮಲ್ಲಿ ಒಂದಾದರೂ ಸರಿಯಾದ ಆಂಟಿಬಾಡಿ ಉಂಟು!" ಎಂದರು. ಅವನಿಗೆ ಬೈದದ್ದೋ ಹೊಗಳಿದ್ದೋ ತಿಳಿಯಲಿಲ್ಲ. ಸಂದರ್ಶಕರ ಪಾಸು ಬರೆದುಕೊಟ್ಟ. ಅಲ್ಲಿಂದ ಮುಂದೆ ದಿನಾ ಅದೇ ಪಾಸು ಕುತ್ತಿಗೆಗೆ ಹಾಕಿಕೊಂಡು, ಸಂಬಳವಿಲ್ಲದೆ, ರೇಣುಕಾಳ ಜೊತೆ ನಿಂತು ಕೆಲಸ ಮಾಡಿದರು.

ಮಾಡಿದ್ದು ಆವತ್ತು ಮಾಡದೆ ಬಿಟ್ಟ ಕೆಲಸವನ್ನೇ. ಉಳಿದಿದ್ದ ಬಾಟಲಿಗಳನ್ನೆಲ್ಲ ಸೇರಿಸಿ, ಸೋಸಿ, ಮುಖ ನೋಡುವ ಆಂಟಿಬಾಡಿಯನ್ನು ಬೇರ್ಪಡಿಸಿ, ಟ್ಯಾಗ್ ನೋಡುವುದನ್ನು ಮಾತ್ರ ಉಳಿಸಿಕೊಂಡರು. ಡಬ್ಬಿ ತುಂಬ ಇದ್ದದ್ದು ಒಂದು ಬಾಟಲಿಯ ತಳ ಮುಚ್ಚುವಷ್ಟಾಯಿತು. ಅದರಲ್ಲೇ ಎಲ್ಲ ಪ್ರಯೋಗ ಮೊದಲಿನಿಂದ ಆಗಬೇಕು. ಒಂದು ಹನಿ ಚೆಲ್ಲಿದರೆ ಡಿಗ್ರಿ ಚೆಲ್ಲಿದಂತೆ. ಇಬ್ಬರೂ ಜಗಳವಾಡುತ್ತಿದ್ದರು, ಒಂದೇ ಡಬ್ಬಿಯಿಂದ ರೊಟ್ಟಿ ತಿನ್ನುತ್ತಿದ್ದರು. "ಇವಳ ಅಮ್ಮನ ಎಣ್ಣೆಗಾಯಿ ಖಾರ ಮಾರಾಯ, ಬಾಯಿಯೊಳಗಿನ ಪ್ರೊಟೀನ್ ಎಲ್ಲ ಹೋಯ್ತು" ಎಂದು ಮೇಡಂ ಕಣ್ಣೊರೆಸಿಕೊಳ್ಳುತ್ತ ಇನ್ನೂ ಹಾಕಿಸಿಕೊಳ್ಳುತ್ತಿದ್ದರು. ನೋಂದಣಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಉತ್ತರ ಸಿಕ್ಕಿತು. ಗುರುತು ಬೀಳುವುದು ನಿಜ. ಆದರೆ ನಾವು ಹೇಳಿದ ಹೊತ್ತಿಗಲ್ಲ, ತುಂಬ ತಡವಾಗಿ, ಕೋಶ ನಿಂತಾದ ಮೇಲೆ. ಸ್ವಿಚ್ಚೂ ಇಲ್ಲ, ಮಣ್ಣೂ ಇಲ್ಲ. ಸಣ್ಣ ಥೀಸಿಸ್, ಸರಿಯಾದ ಥೀಸಿಸ್.

ಥೀಸಿಸಿನ ಮೌಖಿಕ ಪರೀಕ್ಷೆ, ವೈವಾದ ದಿನ ಹಾಲ್ ತುಂಬಿತ್ತು. ಮೇಲೆ ಮೇಜಿನ ಹತ್ತಿರ ಗೈಡ್ ಕುರ್ಚಿಯಲ್ಲಿ ಟೈ ಕಟ್ಟಿಕೊಂಡು ನಾನು, ಪಕ್ಕದಲ್ಲಿ ಧಾರವಾಡದ ಕಡೆಯಿಂದ ಬಂದ ಪರೀಕ್ಷಕರು, ಅಧ್ಯಕ್ಷತೆ ನಿರ್ದೇಶಕರದು. ಕೊನೆಯ ಸಾಲಿನಲ್ಲಿ ರೇಣುಕಾಳ ತಂದೆತಾಯಿ, ಅವರ ಪಕ್ಕದಲ್ಲಿ ಸಂದರ್ಶಕರ ಪಾಸಿನ ಮೇಡಂ. ರೇಣುಕಾ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದಳು. ಆದರೆ ಆಂಟಿಬಾಡಿಯ ಜಾಗ ಬಂದಾಗ, ಅದು ಸರಿಯಿಲ್ಲವೆಂದು ಕಂಡುಬಂತು ಎಂದಷ್ಟೇ ಹೇಳಿ ದಾಟಿಬಿಟ್ಟಳು. ಯಾರಿಗೆ ಕಂಡಿತು, ಯಾರ ತಪ್ಪು, ಒಂದೂ ಹೇಳಲಿಲ್ಲ. ಪರೀಕ್ಷಕರು ಹುಬ್ಬು ಗಂಟಿಕ್ಕಿ, ಇದರಲ್ಲಿ ಅಭ್ಯರ್ಥಿಯ ಸ್ವಂತದ್ದು ಏನಿದೆ ಎಂದು ಎರಡೆರಡು ಸಲ ಕೇಳಿದರು. ಅವಳು ತಡವರಿಸಿದಳು. ಪದವಿ ಅಲ್ಲೇ ತೂಗಾಡುತ್ತಿತ್ತು.

ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಅಧ್ಯಕ್ಷರು ವಾಡಿಕೆಯಂತೆ ಕೇಳಿದರು. ಮೇಡಂ ಎದ್ದು ನಿಂತರು. ನಿರ್ದೇಶಕರ ಮುಖ ಹುಳ್ಳಗಾಯಿತು. ಮೇಡಂ ಪಕ್ಕದಲ್ಲಿದ್ದ ಗಂಡಹೆಂಡಿರನ್ನು ಒಮ್ಮೆ ನೋಡಿ, ಕನ್ನಡದಲ್ಲೇ ಕೇಳಿದರು.

"ಆ ಆಂಟಿಬಾಡಿ ಸರಿ ಇಲ್ಲ ಅಂತ ಕಂಡುಹಿಡಿದದ್ದು ಯಾರು?"

ರೇಣುಕಾ ತಲೆ ತಗ್ಗಿಸಿದಳು. "ನಾನರೀ."

"ನಿಮ್ಮ ಗೈಡ್ ಸರಿ ಉಂಟು ಅಂತ ಹೇಳಿದ್ದರಲ್ಲ?"

"ಬಿಡ್ರೀ ಮೇಡಮ್ಮರ, ಈಗ್ಯಾಕ ಅದು..."

"ಬಿಡಲಿಕ್ಕೆ ಆಗುವುದಿಲ್ಲ. ಗೈಡ್ ಹೇಳಿದ್ದು ಸರಿಯಾ ತಪ್ಪಾ? ಎಲ್ಲರಿಗೂ ಕೇಳುವ ಹಾಗೆ ಹೇಳಿ."

ರೇಣುಕಾ ತಲೆ ಎತ್ತಿದಳು.

"ತಪ್ಪರೀ. ನಮ್ಮ ಗೈಡ್ ತಪ್ಪಿದ್ರು. ಯಾರ ಹೇಳಿದ್ರೂ ನಂಬಬ್ಯಾಡ, ನೋಡು ಅಂತ ಅವರ ಕಲಿಸಿದ್ರು. ಅದಕ ಅವರ ಹೇಳಿದ್ದನ್ನೂ ನೋಡಿದೆ."

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. ಥೀಸಿಸಿನ ಮೇಲಿದ್ದ ಗೈಡ್ ನಾನೇ ತಾನೇ! ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, ಇಂಥವನೂ ಒಬ್ಬ ಮೇಷ್ಟ್ರೇ ಎನ್ನುವ ಹಾಗೆ ನನ್ನನ್ನು ದಿಟ್ಟಿಸಿದರು. ಬಾಯಿ ತೆರೆಯಬಹುದಿತ್ತು, ತೆರೆಯಲಿಲ್ಲ. ಆ ತಪ್ಪು ನನ್ನ ತಲೆಯ ಮೇಲೆ ಬರುವುದಾದರೆ ಬರಲಿ, ಮೇಡಂ ಇಷ್ಟು ಕಳೆದುಕೊಂಡದ್ದು ಸಾಕು ಎನ್ನಿಸಿತು. ತಲೆ ತಗ್ಗಿಸಿ ಕೂತೆ.

"ಅವನನ್ನು ಎಂತಕ್ಕೆ ನೋಡ್ತೀರಿ?" ಹಿಂದಿನಿಂದ ಮೇಡಂ ಗುಡುಗಿದರು. "ಆ ಗೈಡ್ ನಾನು. ಇಷ್ಟು ದೊಡ್ಡ ತಪ್ಪು ಮಾಡುವಷ್ಟು ಕೆಲಸ ಅವನು ಇನ್ನೂ ಮಾಡಿಲ್ಲ!"

ಇಡೀ ಹಾಲ್ ನಕ್ಕಿತು. ಪರೀಕ್ಷಕರೂ ನಕ್ಕರು, ನಕ್ಕು ರೇಣುಕಾಳ ಕಡೆ ತಿರುಗಿ, "ಮತ್ತ ಇದನ್ನ ಮೊದಲ ಹೇಳಬಾರದೇನವಾ?" ಎಂದರು. ಪದವಿಗೆ ಶಿಫಾರಸು ಮಾಡಿದ್ದೇವೆಂದು ಘೋಷಿಸಿದಾಗ ಅವಳ ತಾಯಿ ಏನಾಯಿತೆಂದು ಮೇಡಂ ಮುಖ ನೋಡಿದರು. ಮೇಡಂ ಅವರ ಕೈ ಹಿಡಿದುಕೊಂಡು, "ಆಯ್ತಮ್ಮ, ನಿಮ್ಮ ಮಗಳು ನನ್ನನ್ನು ಸೋಲಿಸಿದಳು" ಎಂದು ಅಳುತ್ತ ನಗುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಅವರ ಕೋಣೆ ನನ್ನದು. ಅವರ ಕುರ್ಚಿ, ಅವರ ವಿದ್ಯಾರ್ಥಿಗಳು, ಅವರು ಬೈಯುತ್ತಿದ್ದ ಬೈಗುಳಗಳೂ ನನಗೇ ಬಂದಿವೆ. ಅದೊಂದು ತಪ್ಪನ್ನು ಮಾತ್ರ ನನಗೆ ಬಿಟ್ಟುಕೊಡಲಿಲ್ಲ, ತಮ್ಮ ಜೊತೆಗೇ ತೆಗೆದುಕೊಂಡು ಹೋದರು.